ಎಂಜಿನ್ ಕೂಗುತ್ತದೆ, ಬ್ಲೇಡು ತಿರುಗದು

ನವರಾತ್ರಿ ಮುಗಿದು ಮಳೆ ಹಿಂದೆಗೆಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳಲ್ಲಿ ಒಂದು ಸದ್ದು ಶುರುವಾಗುತ್ತದೆ. ದೂರದಿಂದ ಕೇಳಿದರೆ ದೊಡ್ಡದೊಂದು ದುಂಬಿ ಕಣಿವೆಯಲ್ಲಿ ಸಿಕ್ಕಿಹಾಕಿಕೊಂಡಂತೆ ಭಾಸವಾಗುತ್ತದೆ. ಅದು ಕಳೆ ಕೊಚ್ಚುವ ಯಂತ್ರ. ಅಂಗಡಿಯವರು ಬ್ರಶ್ ಕಟರ್ ಎಂದರೂ ತೋಟಿಗರ ಬಾಯಲ್ಲಿ ಅದು ವೀಡ್ ಕಟರ್, ಇಲ್ಲವೇ ಬರೀ ‘ಮಶಿನ್ನು’. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನೆಲದಲ್ಲಿ ಕಾದಿಗೆಯ ಅಂಚಿನಿಂದ ಹಿಡಿದು ಬೇಣದ ತನಕ ಎಲ್ಲೆಲ್ಲೂ ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ಕೊನೆ ಕೊಯ್ಲಿಗೆ ಮೊದಲು ಅದನ್ನು ಸವರದಿದ್ದರೆ ಉದುರಡಿಕೆ ಹೆಕ್ಕಲಾಗದು, ಕೊನೆಗಾರ ಕಾಲಿಡಲು ಹಿಂಜರಿಯುತ್ತಾನೆ, ಹಾವಿನ ಭಯ ಬೇರೆ. ಕತ್ತಿ ಹಿಡಿದು ಸಾಲಾಗಿ ಕಳೆ ಸವರುವ ಆಳುಗಳು ಸಿಗುತ್ತಿದ್ದ ಕಾಲ ಹೋಗಿದೆ. ಹಾಗಾಗಿ ಈ ಯಂತ್ರ ಕೆಟ್ಟರೆ ಮನೆಯ ಕೆಲಸವೇ ನಿಂತಂತೆ.

ಕೆಡುವುದೂ ಸರಿಯಾಗಿ ಅದೇ ಹದಿನೈದು ದಿನಗಳಲ್ಲಿ. ಕಾರಣ ಸರಳ. ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ಒದ್ದೆ ಗಾಳಿ ಕುಡಿದು ಕೂತ ಯಂತ್ರವನ್ನು ಒಂದೇ ದಿನ ಎಂಟು ತಾಸು ದುಡಿಸಲಾಗುತ್ತದೆ. ಅದರ ಕಾಯಿಲೆಗಳಲ್ಲಿ ಅತಿ ವಿಚಿತ್ರವಾಗಿ ಕಾಣುವುದು ಇದು: ಹಗ್ಗ ಎಳೆದೊಡನೆ ಎಂಜಿನ್ ಶುರುವಾಗುತ್ತದೆ, ಎಕ್ಸಲರೇಟರ್ ಒತ್ತಿದರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಬ್ಲೇಡು ಮಾತ್ರ ತಿರುಗುವುದಿಲ್ಲ. ಅಥವಾ ಗಾಳಿಯಲ್ಲಿ ಚೆನ್ನಾಗಿ ತಿರುಗಿ, ಹುಲ್ಲಿಗೆ ತಾಗಿಸಿದೊಡನೆ ನಿಂತುಬಿಡುತ್ತದೆ. ಯಜಮಾನರು ಅದನ್ನು ಗೋಣಿಯಲ್ಲಿ ಸುತ್ತಿ ಪೇಟೆಯ ಬಸ್ಸು ಹತ್ತುತ್ತಾರೆ. ಅಲ್ಲಿ ಅಂಥದೇ ಹತ್ತಾರು ಗೋಣಿಗಳು ಸಾಲಾಗಿ ಕಾದಿರುತ್ತವೆ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದು, ಯಂತ್ರದ ಹತ್ತಿರ ಸುಳಿದರೆ “ಮುಟ್ಟಡ ಮಾಣಿ, ಕೈ ಹೋಗ್ತು” ಎಂಬ ಗದರಿಕೆ. ಗದರಿಕೆಯಲ್ಲಿ ಅರ್ಧ ಸತ್ಯವಿದೆ. ಇನ್ನರ್ಧಕ್ಕೆ ಉತ್ತರ ಆ ಮಗುವಿನ ಚೀಲದಲ್ಲೇ ಇರುವ ವಿಜ್ಞಾನ ಪುಸ್ತಕದಲ್ಲಿದೆ. ಘರ್ಷಣೆಯ ಪಾಠ, ವರ್ತುಲ ಚಲನೆಯ ಪಾಠ ಎರಡೂ ಅಲ್ಲಿವೆ. ದಾರಕ್ಕೆ ಕಲ್ಲು ಕಟ್ಟಿ ಬೀಸುವ ಉದಾಹರಣೆಯನ್ನು ಎಷ್ಟು ತಲೆಮಾರು ಓದಬೇಕೋ ತಿಳಿಯದು. ಕೊಟ್ಟಿಗೆಯಲ್ಲಿರುವ ಉದಾಹರಣೆ ಅದಕ್ಕಿಂತ ಎಷ್ಟೋ ಮೇಲು.

ಮೊದಲು ಶಕ್ತಿ ಸಾಗುವ ದಾರಿಯನ್ನು ನೋಡೋಣ. ಮೇಲ್ತುದಿಯಲ್ಲಿ ಪುಟ್ಟ ಪೆಟ್ರೋಲ್ ಎಂಜಿನ್. ನಮ್ಮ ಕಡೆಯ ಹೆಚ್ಚಿನವು ಎರಡು ಸ್ಟ್ರೋಕಿನವು, ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವಂಥವು. ಎಂಜಿನ್ನಿನ ಬೆನ್ನಿಗೆ ಕ್ಲಚ್. ಅಲ್ಲಿಂದ ಅಲ್ಯೂಮಿನಿಯಂ ಕೊಳವೆಯೊಳಗೆ ಸಾಗುವ ಉದ್ದನೆಯ ಉಕ್ಕಿನ ಸರಳು, ಅದೇ ಶಾಫ್ಟ್. ಬೆನ್ನಿಗೆ ಹೊರುವ ಮಾದರಿಯಲ್ಲಾದರೆ ಎಂಜಿನ್ನಿಗೂ ಕೊಳವೆಗೂ ನಡುವೆ ಬಳುಕುವ ಇನ್ನೊಂದು ಶಾಫ್ಟ್ ಇರುತ್ತದೆ. ಕೆಳತುದಿಯಲ್ಲಿ ಮುಷ್ಟಿಗಾತ್ರದ ಗೇರ್ ಬಾಕ್ಸ್. ಒಂದಕ್ಕೊಂದು ಓರೆಯಾಗಿ ಕೂತ ಎರಡು ಹಲ್ಲುಚಕ್ರಗಳು ಅಲ್ಲಿ ತಿರುಗಣೆಯ ದಿಕ್ಕನ್ನು ಬಾಗಿಸಿ, ವೇಗವನ್ನು ತುಸು ಇಳಿಸಿ, ಬ್ಲೇಡಿಗೆ ಒಪ್ಪಿಸುತ್ತವೆ. ಎಂಜಿನ್ ಕೂಗಿಯೂ ಬ್ಲೇಡು ತಿರುಗದಿದ್ದರೆ ಈ ದಾರಿಯಲ್ಲಿ ಎಲ್ಲೋ ಒಂದು ಸೇತುವೆ ಮುರಿದಿದೆ ಎಂದರ್ಥ. ಯಾವ ಸೇತುವೆ ಎಂಬುದೇ ಪ್ರಶ್ನೆ.

ಈ ದಾರಿಯಲ್ಲಿ ಅತ್ಯಂತ ಸೊಗಸಾದ ಭಾಗ ಕ್ಲಚ್. ಕಾರಿನಲ್ಲಿರುವಂತೆ ಇದಕ್ಕೆ ಪೆಡಲ್ ಇಲ್ಲ, ಬೈಕಿನಂತೆ ಹಿಡಿಕೆಯೂ ಇಲ್ಲ. ಎಂಜಿನ್ನಿನ ತುದಿಗೆ ಎರಡು ಅಥವಾ ಹೆಚ್ಚು ಬಾಗಿದ ತುಂಡುಗಳನ್ನು ಕೂರಿಸಿರುತ್ತಾರೆ. ಇವಕ್ಕೆ ಶೂ ಎಂದು ಹೆಸರು. ಅವನ್ನು ಒಂದಕ್ಕೊಂದು ಹತ್ತಿರ ಎಳೆದು ಹಿಡಿದಿರುವುದು ಒಂದು ಸ್ಪ್ರಿಂಗ್. ಇಡೀ ಜೋಡಣೆಯ ಸುತ್ತ ಬಟ್ಟಲಿನಂಥ ಉಕ್ಕಿನ ಡ್ರಮ್. ಶೂಗೂ ಡ್ರಮ್ಮಿಗೂ ನಡುವೆ ಕೂದಲೆಳೆಯಷ್ಟು ಜಾಗ. ಎಂಜಿನ್ ನಿಧಾನವಾಗಿ ಓಡುವಾಗ ಸ್ಪ್ರಿಂಗ್ ಗೆಲ್ಲುತ್ತದೆ, ಶೂ ಡ್ರಮ್ಮಿಗೆ ತಾಗುವುದಿಲ್ಲ, ಬ್ಲೇಡು ನಿಂತೇ ಇರುತ್ತದೆ. ವೇಗ ಏರಿದಂತೆ ಶೂಗಳು ಹೊರಕ್ಕೆ ಸಿಡಿಯಲು ಹವಣಿಸುತ್ತವೆ, ಸ್ಪ್ರಿಂಗನ್ನು ಹಿಗ್ಗಿಸಿ ಡ್ರಮ್ಮಿನ ಒಳಗೋಡೆಗೆ ಅಂಟಿಕೊಳ್ಳುತ್ತವೆ, ಘರ್ಷಣೆಯಿಂದ ಡ್ರಮ್ ತಿರುಗತೊಡಗುತ್ತದೆ. ಕೇಂದ್ರಾಪಗಾಮಿ ಕ್ಲಚ್ ಎನ್ನುವುದು ಇದನ್ನೇ.

ಆ ಒತ್ತಡ ಎಷ್ಟಿರಬಹುದು? ಮೂವತ್ತು ಗ್ರಾಂ ತೂಕದ ಒಂದು ಶೂ, ಅದರ ಗುರುತ್ವ ಕೇಂದ್ರ ಅಕ್ಷದಿಂದ ಎರಡೂವರೆ ಸೆಂಟಿಮೀಟರ್ ದೂರ ಇದೆ ಎಂದು ಇಟ್ಟುಕೊಳ್ಳಿ. ಯಂತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತ ವಿರಮಿಸುವಾಗಲೇ ಆ ಶೂ ಸುಮಾರು ಏಳೂವರೆ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ವೇಗ ಇಮ್ಮಡಿಯಾಗಿ 6000 ಆದರೆ ಬಲ ನಾಲ್ಕು ಪಟ್ಟು, ಮೂವತ್ತು ಕಿಲೋ. ಮುಮ್ಮಡಿಯಾಗಿ 9000 ಆದರೆ ಒಂಬತ್ತು ಪಟ್ಟು, ಅರವತ್ತೆಂಟು ಕಿಲೋ. ನಾಲ್ಕು ನಾಣ್ಯದ ತೂಕದ ತುಂಡೊಂದು ಒಬ್ಬ ಆಳಿನ ಭಾರವನ್ನು ಹೊತ್ತಂತೆ! ಬಲವು ವೇಗದ ವರ್ಗದಂತೆ ಏರುವುದರ ಗುಟ್ಟೇ ಈ ಕ್ಲಚ್ಚಿನ ಜೀವಾಳ. ಬಹುತೇಕ ಯಂತ್ರಗಳಲ್ಲಿ ಶೂ ಡ್ರಮ್ಮನ್ನು ಹಿಡಿಯತೊಡಗುವುದು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತುಗಳ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗೆ ವಿರಾಮ, ಮೇಲೆ ದುಡಿಮೆ.

ಇದೇ ಕ್ಲಚ್ಚಿನ ನೆಂಟರು ಊರ ತುಂಬ ಇದ್ದಾರೆ. ಹಿಂದಿನ ಲೂನಾ, ಇಂದಿಗೂ ಹಾಲಿನ ಕ್ಯಾನು ಹೊತ್ತು ಘಟ್ಟದ ರಸ್ತೆ ಏರುವ ಟಿವಿಎಸ್ ಎಕ್ಸ್‌ಎಲ್, ಗೇರಿಲ್ಲದ ಸ್ಕೂಟರು, ಮರ ಕೊಯ್ಯುವ ಚೈನ್ ಸಾ, ಎಲ್ಲವೂ ಇದೇ ಕುಲ. ಮೊಬೈಲಿನಲ್ಲಿ ಮಕ್ಕಳು ಕಣ್ಣರಳಿಸಿ ನೋಡುವ, ರೇಡಿಯೋ ಸಂಕೇತದಿಂದ ಓಡುವ ನೈಟ್ರೋ ಟ್ರಕ್ಕು ಕೂಡ. ಆ ಆಟಿಕೆ ಟ್ರಕ್ಕಿನ ಎಂಜಿನ್ ಎರಡೂವರೆ ಮೂರೂವರೆ ಸಿಸಿಯದಷ್ಟೇ. ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್ ಮತ್ತು ನೈಟ್ರೋಮೀಥೇನ್ ಮಿಶ್ರಣ, ಜತೆಗೆ ಹರಳೆಣ್ಣೆಯಂಥ ಜಿಡ್ಡು. ಸ್ಪಾರ್ಕ್ ಪ್ಲಗ್ಗಿನ ಬದಲು ಪ್ಲಾಟಿನಂ ತಂತಿಯ ಸುರುಳಿ ಕೆಂಡದಂತೆ ಹೊಳೆಯುತ್ತದೆ. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತಿನವರೆಗೂ ಹೋಗುವ ಆ ಪೋರನ ಬೆನ್ನಿಗೂ ಶೂ, ಸ್ಪ್ರಿಂಗ್, ಡ್ರಮ್ಮು, ಆಮೇಲೆ ಹಲ್ಲುಚಕ್ರಗಳೇ. ‘ಎಂಜಿನ್ ಓಡುತ್ತದೆ, ಗಾಡಿ ಹೋಗುವುದಿಲ್ಲ’ ಎಂದು ಸಾವಿರಾರು ರೂಪಾಯಿಯ ಆಟಿಕೆ ಹಿಡಿದು ಕೂತ ನಗರದ ಹುಡುಗನ ಪ್ರಶ್ನೆಯೂ ಸಿದ್ದಾಪುರದ ತೋಟಿಗರ ಪ್ರಶ್ನೆಯೂ ಒಂದೇ, ಉತ್ತರ ಹುಡುಕುವ ಕ್ರಮವೂ ಒಂದೇ. ವ್ಯತ್ಯಾಸವೆಂದರೆ ತೋಟದಲ್ಲಿ ತಪ್ಪಿದರೆ ಆಟ ಕೆಡುವುದಿಲ್ಲ, ಕಾಲು ಹೋಗುತ್ತದೆ.

ಹುಡುಕಾಟದ ಮೊದಲ ಹೆಜ್ಜೆಗೆ ಪಾನಾ ಬೇಡ, ಕಿವಿ ಸಾಕು. ದಟ್ಟ ಹುಲ್ಲಿಗೆ ಬ್ಲೇಡು ತಾಗಿಸಿದಾಗ ಎಂಜಿನ್ನಿನ ಸದ್ದು ಏನಾಗುತ್ತದೆ? ಸದ್ದೂ ಕುಗ್ಗಿ ಬ್ಲೇಡೂ ನಿಧಾನವಾದರೆ ದಾರಿ ಸರಿಯಿದೆ, ಬಳಲಿದ್ದು ಎಂಜಿನ್. ಆಗ ನೋಡಬೇಕಾದದ್ದು ಗಾಳಿಯ ಫಿಲ್ಟರ್, ಸೈಲೆನ್ಸರಿನಲ್ಲಿ ಕಟ್ಟಿದ ಮಸಿ, ಹಳೆಯ ಪೆಟ್ರೋಲು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20ಕ್ಕೆ ಮುಟ್ಟಿದೆ. ಎಥನಾಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಉಳಿಸಿಟ್ಟ ಎಣ್ಣೆ ದಸರೆಗೆ ಎಣ್ಣೆಯಾಗಿ ಉಳಿದಿರುತ್ತದೆಂದು ನಂಬುವಂತಿಲ್ಲ. ಅದು ಬೇರೆಯೇ ಅಧ್ಯಾಯ, ಇರಲಿ. ಎರಡನೆಯ ಸಂಗತಿ: ಬ್ಲೇಡು ನಿಲ್ಲುತ್ತದೆ, ಎಂಜಿನ್ ಸದ್ದು ಮಾತ್ರ ಕುಗ್ಗುವುದಿಲ್ಲ, ಬದಲಿಗೆ ಹೊರೆ ಇಳಿಸಿದಂತೆ ಇನ್ನೂ ಎತ್ತರಕ್ಕೆ ಏರುತ್ತದೆ. ಆಗ ಎಂಜಿನ್ ನಿರ್ದೋಷಿ. ಅದರ ದುಡಿಮೆ ನಡುದಾರಿಯಲ್ಲಿ ಸೋರಿಹೋಗುತ್ತಿದೆ. ಇಷ್ಟನ್ನು ತಿಳಿಯದೆ ಕಾರ್ಬುರೇಟರ್ ಬಿಚ್ಚಿ ಕೂರುವವರೇ ಹೆಚ್ಚು.

ಎರಡನೆಯ ಹೆಜ್ಜೆ ಎಂಜಿನ್ ಬಂದ್ ಮಾಡಿ, ಆರಲು ಬಿಟ್ಟು, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತ ಮೇಲೆ. ಈ ಟೋಪಿ ಕೀಳುವ ಕೆಲಸವನ್ನು ಯಾವ ಅವಸರದಲ್ಲೂ ಬಿಡಕೂಡದು. ದಪ್ಪ ಕೈಗವಸು ತೊಟ್ಟು ಬ್ಲೇಡನ್ನು ಮೆಲ್ಲಗೆ ಕೈಯಿಂದ ತಿರುಗಿಸಿ ನೋಡಿ. ಹಗುರಾಗಿ, ನುಣುಪಾಗಿ ತಿರುಗಿದರೆ ಅದು ಸಹಜ. ನಿಂತ ಯಂತ್ರದಲ್ಲಿ ಕ್ಲಚ್ ಬಿಟ್ಟುಕೊಂಡಿರುವುದರಿಂದ ಬ್ಲೇಡಿಗೆ ಎಂಜಿನ್ನಿನ ಹಂಗಿಲ್ಲ. ಸ್ವಲ್ಪ ತಿರುಗಿ, ಉಸಿರು ಕಟ್ಟಿದಂತೆ ಬಿಗಿಯಾಗಿ, ಮತ್ತೆ ಸಡಿಲವಾದರೆ ಬ್ಲೇಡಿನ ಜತೆ ಪಿಸ್ಟನ್ ಕೂಡ ಚಲಿಸುತ್ತಿದೆ. ಅಂದರೆ ಶೂ ಡ್ರಮ್ಮಿಗೆ ಕಚ್ಚಿ ಕೂತಿದೆ, ತುಕ್ಕಿನಿಂದಲೋ ಸ್ಪ್ರಿಂಗ್ ಮುರಿದೋ. ಮರಳು ಅರೆದಂತೆ ಗರಗರ ಎಂದರೆ ಗೇರ್ ಬಾಕ್ಸಿನ ಬೇರಿಂಗ್ ಹೋಗಿದೆ. ಅಲುಗಾಡದೇ ಹೋದರೆ ಮೊದಲು ಬ್ಲೇಡಿನ ಮೇಲ್ಬದಿಯ ಸಂದಿಯನ್ನು ನೋಡುವುದು ಲೇಸು. ಹಸಿ ಹುಲ್ಲು, ಕಾಡುಬಳ್ಳಿ, ಸೋಗೆಯ ನಾರು ಅಲ್ಲಿ ಹಗ್ಗ ಹೊಸೆದಂತೆ ಸುತ್ತಿಕೊಂಡಿರುತ್ತವೆ. ಯಂತ್ರ ಕೆಟ್ಟಿತೆಂದು ಪೇಟೆಗೆ ಹೋದ ಎಷ್ಟೋ ಗೋಣಿಗಳೊಳಗೆ ಇದ್ದ ರೋಗ ಇಷ್ಟೇ.

ಬ್ಲೇಡು ಹಗುರಾಗಿ ತಿರುಗುತ್ತದೆ, ಆದರೆ ಕೆಲಸ ಮಾಡದು ಎಂದಾದರೆ ಮೂರನೆಯ ಹೆಜ್ಜೆ. ಇಲ್ಲಿ ಗಣಿತದವರ ಒಂದು ಜಾಣತನ ಉಪಯೋಗಕ್ಕೆ ಬರುತ್ತದೆ. ಶಬ್ದಕೋಶದಲ್ಲಿ ಪದ ಹುಡುಕುವವರು ಮೊದಲ ಪುಟದಿಂದ ಶುರುಮಾಡುವುದಿಲ್ಲ, ನಡುವೆ ತೆರೆದು ಆಚೆಯೋ ಈಚೆಯೋ ಎಂದು ನಿರ್ಧರಿಸುತ್ತಾರೆ. ಹಾಗೆಯೇ ಕ್ಲಚ್ಚಿನ ಹೊರಕವಚದ ಬೋಲ್ಟುಗಳನ್ನು ಬಿಚ್ಚಿ ಎಂಜಿನ್ನನ್ನು ಕೊಳವೆಯಿಂದ ಬೇರ್ಪಡಿಸಿ. ಹೆಚ್ಚಿನ ಯಂತ್ರಗಳಲ್ಲಿ ಶೂಗಳು ಎಂಜಿನ್ ಬದಿಗೆ, ಡ್ರಮ್ ಕೊಳವೆಯ ಬದಿಗೆ ಉಳಿಯುತ್ತವೆ. ಈಗ ಒಬ್ಬರು ಬ್ಲೇಡು ತಿರುಗಿಸಲಿ, ಇನ್ನೊಬ್ಬರು ಡ್ರಮ್ ನೋಡಲಿ. ಡ್ರಮ್ ತಿರುಗದಿದ್ದರೆ ದೋಷ ಕೆಳಗಿದೆ, ಶಾಫ್ಟ್ ಅಥವಾ ಗೇರ್. ತಿರುಗಿದರೂ ಅಷ್ಟಕ್ಕೇ ನಂಬಬೇಡಿ. ಡ್ರಮ್ಮನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಬ್ಲೇಡನ್ನು ತಿರುಚಬೇಕು. ಸವೆದ ಹಲ್ಲು ಹೊರೆ ಇಲ್ಲದಾಗ ವಿಧೇಯವಾಗಿ ತಿರುಗುತ್ತದೆ, ಹೊರೆ ಬಿದ್ದೊಡನೆ ಜಾರುತ್ತದೆ. ಹಿಡಿದಾಗಲೂ ಜಾರದಿದ್ದರೆ ಕೆಳಗಿನ ದಾರಿಯೆಲ್ಲ ಸರಿ, ಕಳ್ಳ ಕ್ಲಚ್ಚಿನಲ್ಲೇ ಇದ್ದಾನೆ. ಒಂದೇ ಜಾಗ ಬಿಚ್ಚಿ ಅರ್ಧ ಯಂತ್ರವನ್ನು ಸಂಶಯದಿಂದ ಮುಕ್ತಗೊಳಿಸಿದಂತಾಯಿತು.

ಇಲ್ಲೇ ಒಂದು ಲೆಕ್ಕವನ್ನೂ ಮಾಡಬಹುದು. ಬ್ಲೇಡು ಮೂರು ಸುತ್ತು ಬರುವಾಗ ಡ್ರಮ್ ನಾಲ್ಕು ಸುತ್ತು ಬಂದರೆ, ಒಂದು ಗೇರಿಗೆ 15 ಹಲ್ಲಿದ್ದರೆ ಇನ್ನೊಂದಕ್ಕೆ 20 ಎಂದು ಬಿಚ್ಚದೆಯೇ ಹೇಳಬಹುದು. ಆ ಅನುಪಾತದಲ್ಲಿ ಎಂಜಿನ್ 8000 ಸುತ್ತು ತಿರುಗಿದರೆ ಬ್ಲೇಡಿಗೆ 6000, ಅಂದರೆ ಸೆಕೆಂಡಿಗೆ ನೂರು. ಹತ್ತಿಂಚು ಅಗಲದ ಬ್ಲೇಡಿನ ಸುತ್ತಳತೆ 80 ಸೆಂಟಿಮೀಟರ್. ಅದರ ತುದಿ ಸೆಕೆಂಡಿಗೆ 80 ಮೀಟರ್, ಗಂಟೆಗೆ 288 ಕಿಲೋಮೀಟರ್ ಓಡುತ್ತದೆ. ಅಪ್ಪ ಅಮ್ಮ ಗದರುವುದರ ಅರ್ಧ ಸತ್ಯ ಇದೇ. ಸಿಡಿದ ಕಲ್ಲು ದೂರಕ್ಕೆ ಹಾರುವುದರಿಂದಲೇ, ಯಂತ್ರ ನಡೆಯುವಾಗ ಹದಿನೈದು ಮೀಟರಿನೊಳಗೆ ಬೇರೆ ಯಾರೂ ಇರಬಾರದೆಂದು ತಯಾರಕರ ಕೈಪಿಡಿಗಳು ಹೇಳುತ್ತವೆ.

ಕ್ಲಚ್ಚೇ ಜಾರುತ್ತಿದ್ದರೆ ಕಾರಣ ಎರಡರಲ್ಲಿ ಒಂದು. ಶೂಗಳ ಮೈ ಸವೆದಿರಬೇಕು, ಇಲ್ಲವೇ ಡ್ರಮ್ಮಿಗೆ ಎಣ್ಣೆ ತಾಗಿರಬೇಕು. ಜಾರಿದ ಕ್ಲಚ್ ತನ್ನ ಕತೆಯನ್ನು ಬಣ್ಣದಲ್ಲಿ ಬರೆದಿಡುತ್ತದೆ: ಘರ್ಷಣೆಯ ಬಿಸಿಗೆ ಡ್ರಮ್ಮಿನ ಉಕ್ಕು ನೀಲಿಗಟ್ಟಿರುತ್ತದೆ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಎಣ್ಣೆಯ ಪಸೆ ಇದ್ದರೆ ಒರೆಸಿ ಮುಚ್ಚುವುದು ಎರಡು ದಿನದ ಚಿಕಿತ್ಸೆ. ಎಂಜಿನ್ನಿನ ದಂಡದ ಸುತ್ತಲಿನ ರಬ್ಬರ್ ಸೀಲು ಸೋರುತ್ತಿದೆಯೇ ಎಂದು ನೋಡಬೇಕು. ಶೂ ಬದಲಿಸುವಾಗ ಒಂದನ್ನೇ ಬದಲಿಸದೆ ಎಲ್ಲವನ್ನೂ ಸ್ಪ್ರಿಂಗ್ ಸಹಿತ ಬದಲಿಸುವುದು ಕ್ರಮ. ತೂಕ ಏರುಪೇರಾದರೆ ಆ ವೇಗದಲ್ಲಿ ಇಡೀ ಯಂತ್ರ ನಡುಗುತ್ತದೆ. ಇನ್ನೊಂದು ಮಾತು, ಡ್ರಮ್ ತೆಗೆದಿಟ್ಟು ‘ಸುಮ್ಮನೆ ನೋಡೋಣ’ ಎಂದು ಎಂಜಿನ್ ಶುರುಮಾಡುವ ಸಾಹಸ ಖಂಡಿತ ಬೇಡ. ಮೇಲೆ ಹೇಳಿದ ಅರವತ್ತೆಂಟು ಕಿಲೋ ಬಲವನ್ನು ತಡೆಯುವ ಗೋಡೆಯೇ ಆಗ ಇರುವುದಿಲ್ಲ.

ಶಾಫ್ಟಿನ ಕತೆ ಚಿಕ್ಕದು. ಅದರ ಎರಡೂ ತುದಿಗಳಲ್ಲಿ ಹಲ್ಲುಗಳಂಥ ಗೀರುಗಳಿರುತ್ತವೆ. ಅವು ಸವೆದು ದುಂಡಗಾದರೆ ಹಿಡಿತ ತಪ್ಪುತ್ತದೆ. ನೆಟ್ಟಗಿನ ಶಾಫ್ಟ್ ಅಪರೂಪಕ್ಕೆ ಮುರಿಯುತ್ತದೆ. ಬಳುಕುವ ಶಾಫ್ಟ್‌ಗೆ ಗ್ರೀಸ್ ಕಾಣಿಸದಿದ್ದರೆ, ಅದರಲ್ಲೂ ಅದನ್ನು ಬಿಲ್ಲಿನಂತೆ ಬಗ್ಗಿಸಿಕೊಂಡೇ ದುಡಿಯುವವರ ಕೈಯಲ್ಲಿ, ಬೇಗ ಬಿಸಿಯಾಗಿ ತುಂಡಾಗುತ್ತದೆ. ಬಿಚ್ಚಿ ಜೋಡಿಸಿದ ಮರುದಿನವೇ ಬ್ಲೇಡು ತಿರುಗದಿದ್ದರೆ ಶಾಫ್ಟಿನ ತುದಿ ಗೇರಿನ ತೂತಿಗೆ ಪೂರ್ತಿ ಕೂತಿಲ್ಲ ಎಂದೇ ತಿಳಿಯಬೇಕು. ಬ್ಲೇಡನ್ನು ಮೆಲ್ಲಗೆ ತಿರುಗಿಸುತ್ತ ಒತ್ತಿದರೆ ಅದು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಬಲಪ್ರಯೋಗ ಬೇಡ.

ಗೇರ್ ಬಾಕ್ಸಿನ ಸಾವಿಗೆ ಮುಖ್ಯ ಕಾರಣ ಹಸಿವು. ಅದರ ಬದಿಯಲ್ಲೊಂದು ಪುಟ್ಟ ಸ್ಕ್ರೂ ಇರುತ್ತದೆ, ಗ್ರೀಸ್ ತುಂಬುವ ಬಾಯಿ ಅದು. ಇಪ್ಪತ್ತು ಮೂವತ್ತು ತಾಸಿನ ದುಡಿಮೆಗೊಮ್ಮೆ ಅಲ್ಲಿ ಗ್ರೀಸ್ ಕೊಡಬೇಕು. ಕೊಂಡಂದಿನಿಂದ ಆ ಸ್ಕ್ರೂ ತೆರೆಯದ ಮನೆಗಳೇ ಹೆಚ್ಚಿರಬಹುದು! ಬೇರಿಂಗ್ ಸಡಿಲವಾದರೆ ಗೇರುಗಳು ಪರಸ್ಪರ ದೂರ ಸರಿದು ಹಲ್ಲಿನ ತುದಿಗಳಷ್ಟೇ ತಾಗುತ್ತವೆ, ಕೆಲವೇ ದಿನಗಳಲ್ಲಿ ಹಲ್ಲು ಉದುರುತ್ತವೆ. ಬ್ಲೇಡನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಕಟಕಟ ಎಂದರೆ ಅದು ಮುನ್ನೆಚ್ಚರಿಕೆ. ಬೇರಿಂಗಿನ ಬೆಲೆಯಲ್ಲಿ ಮುಗಿಯುವ ರಿಪೇರಿಯನ್ನು ಇಡೀ ಗೇರ್ ಬಾಕ್ಸಿನ ಬೆಲೆಗೆ ಏರಿಸುವುದು ಈ ಸದ್ದನ್ನು ಅಲಕ್ಷಿಸುವ ವಾರವೇ.

ಬ್ಲೇಡು ಬಿಚ್ಚುವಾಗ ಒಂದು ತಮಾಷೆ ಎದುರಾಗುತ್ತದೆ. ಎಡಕ್ಕೆ ತಿರುಗಿಸಿದಷ್ಟೂ ನಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಬಹುತೇಕ ಯಂತ್ರಗಳಲ್ಲಿ ಅಲ್ಲಿರುವುದು ಎಡಸುತ್ತಿನ ಮರೆ, ಸೈಕಲ್ಲಿನ ಎಡ ಪೆಡಲಿನಂತೆ. ಯಂತ್ರ ಹಿಡಿದವರು ಮೇಲಿನಿಂದ ನೋಡಿದರೆ ಬ್ಲೇಡು ಅಪ್ರದಕ್ಷಿಣವಾಗಿ ತಿರುಗುತ್ತದೆ. ಹುಲ್ಲು ಅದನ್ನು ತಡೆದಾಗ ನಟ್ಟಿನ ಮೇಲೆ ಬೀಳುವ ಎಳೆತ ವಿರುದ್ಧ ದಿಕ್ಕಿನದು. ಸಾಮಾನ್ಯ ಮರೆಯಾಗಿದ್ದರೆ ಪ್ರತಿ ತಡೆಗೂ ನಟ್ಟು ಸಡಿಲಗೊಂಡು ಒಂದು ದಿನ ಬ್ಲೇಡೇ ಹಾರುತ್ತಿತ್ತು. ಎಡಮರೆಯಾದ್ದರಿಂದ ಪ್ರತಿ ತಡೆಗೂ ಬಿಗಿಯಾಗುತ್ತದೆ. ಗೇರ್ ಬಾಕ್ಸಿನ ತೂತಿಗೆ ಕಡ್ಡಿ ತೂರಿಸಿ ತಿರುಗದಂತೆ ಹಿಡಿದು, ನಟ್ಟಿನ ಕಡೆಯಿಂದ ನೋಡುತ್ತ ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ತಿಳಿಯದೆ ಸುತ್ತಿಗೆ ಹಿಡಿದವರ ಯಂತ್ರಗಳ ಗುರುತು ಅಂಗಡಿಯವರಿಗೆ ದೂರದಿಂದಲೇ ಸಿಗುತ್ತದೆ.

ಇನ್ನು ತಿರುವುಮುರುವಾದ ಕಾಯಿಲೆ. ಎಕ್ಸಲರೇಟರ್ ಬಿಟ್ಟರೂ ಬ್ಲೇಡು ನಿಲ್ಲದೆ ತಿರುಗುತ್ತಲೇ ಇರುತ್ತದೆ. ಕೆಲಸ ಸಾಗುವುದರಿಂದ ಇದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ನಿಜಕ್ಕೂ ಎಲ್ಲಕ್ಕಿಂತ ಅಪಾಯದ್ದು ಇದು. ಕಾದಿಗೆ ದಾಟುವಾಗ, ಜಾರುವ ಪಾಚಿಯ ಮೇಲೆ ಕಾಲಿಡುವಾಗ, ಪಕ್ಕದವರ ಮಾತಿಗೆ ತಿರುಗುವಾಗ ಬ್ಲೇಡು ನಿಂತಿದೆ ಎಂಬ ನಂಬಿಕೆಯೇ ದುಡಿಯುವವರ ರಕ್ಷಣೆ. ವಿರಾಮದ ವೇಗ ಹೆಚ್ಚಾಗಿದ್ದರೆ ಕಾರ್ಬುರೇಟರಿನ ಬದಿಯ ಐಡ್ಲಿಂಗ್ ಸ್ಕ್ರೂ ತುಸು ಇಳಿಸಿದರೆ ಸರಿಹೋಗುತ್ತದೆ. ಇಳಿಸಿದ ಮೇಲೂ ತಿರುಗಿದರೆ ಸ್ಪ್ರಿಂಗ್ ಸೋತಿದೆ ಅಥವಾ ತುಂಡಾಗಿದೆ. ಕೆಲವು ನೂರು ರೂಪಾಯಿಯೊಳಗಿನ ಆ ತಂತಿ ಬರುವವರೆಗೆ ಯಂತ್ರ ಮೂಲೆಯಲ್ಲಿ ಕೂತಿರಲಿ. ಎಷ್ಟೇ ಹುಲ್ಲಿದ್ದರೂ ಸರಿ, ಕೊನೆಗಾರ ನಾಳೆಯೇ ಬರುವವನಿದ್ದರೂ ಸರಿ.

ಹಾಗಾದರೆ ಮಕ್ಕಳ ಪಾಲಿಗೆ ಏನು ಬಿಡಬಹುದು? ಯಂತ್ರ ಹೊತ್ತು ಕಳೆ ಕೊಚ್ಚುವುದನ್ನು ಖಂಡಿತ ಅಲ್ಲ. ಅದು ಬೂಟು, ಕನ್ನಡಕ, ಕಿವಿಮುಚ್ಚಳ ತೊಟ್ಟ ಬಲಿತ ಆಳಿನ ಕೆಲಸ. ಹೆಮ್ಮರಕ್ಕೋ ಕುಂಟೆಗೋ ಬ್ಲೇಡಿನ ಬಲಮುಂಭಾಗ ತಾಗಿದರೆ ಯಂತ್ರ ಹಿಂದಕ್ಕೂ ಬಲಕ್ಕೂ ಒದೆಯುತ್ತದೆ, ಎಳೆಯ ಕೈಗೆ ಅದು ನಿಲ್ಲದು. ಆದರೆ ಪ್ಲಗ್ಗಿನ ಟೋಪಿ ಕಿತ್ತು, ಬ್ಲೇಡು ತೆಗೆದು, ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ ಮಲಗಿಸಿದ ಯಂತ್ರ ಬೇರೆ. ಹಿರಿಯರೊಬ್ಬರು ಪಕ್ಕದಲ್ಲಿ ಕೂತರೆ ಎಂಟನೆಯ ತರಗತಿಯ ಹುಡುಗಿಯೂ ಅದನ್ನು ಬಿಚ್ಚಿ ನೋಡಬಲ್ಲಳು. ಬಿಚ್ಚಿದ ಕ್ರಮದಲ್ಲೇ ಬೋಲ್ಟುಗಳನ್ನು ಸಾಲಾಗಿ ಇಡುವುದು, ಪ್ರತಿ ಹಂತಕ್ಕೂ ಮೊಬೈಲಿನಲ್ಲೊಂದು ಚಿತ್ರ ತೆಗೆಯುವುದು, ಗ್ರೀಸ್ ಕೊಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸುವುದು, ಇಷ್ಟನ್ನು ಅವಳಿಗೇ ಬಿಟ್ಟರೆ ಮನೆಯ ಯಂತ್ರಕ್ಕೊಂದು ಜಾತಕ ಸಿದ್ಧವಾಗುತ್ತದೆ. ಯಂತ್ರಗಳ ಜತೆಗಿನ ಸಲುಗೆ ಎಲ್ಲಿಗೆ ಒಯ್ಯುತ್ತದೆಂದು ಮೊದಲೇ ಹೇಳಲಾಗದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿ, 2019ರಲ್ಲಿ ದೇಶದ ಗಮನ ಸೆಳೆದ ಅಡಿಕೆ ಮರ ಏರುವ ಬೈಕಿನ ಜೀವವೂ ಒಂದು ಪುಟ್ಟ ಪೆಟ್ರೋಲ್ ಎಂಜಿನ್ನೇ. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬಾತ 1971ರಲ್ಲಿ ಕಾರು ತೊಳೆಯುವ ಯಂತ್ರದ ತಿರುಗುವ ಬ್ರಶ್ಶುಗಳನ್ನು ಕಂಡು, ಖಾಲಿ ಡಬ್ಬಿಗೆ ಮೀನಿನ ಗಾಳದ ದಾರ ಪೋಣಿಸಿ ತಿರುಗಿಸಿದ. ದಾರದಿಂದ ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಹಾಗೆ. ಬ್ಲೇಡಿನ ಬದಲು ನೈಲಾನ್ ದಾರ ಕಟ್ಟಿಕೊಳ್ಳುವ ಇಂದಿನ ತೋಟಿಗರು ಅವನ ಋಣದಲ್ಲಿದ್ದಾರೆ. ಆದರೆ ಆ ದಾರವೂ ಎಳೆಯ ಅಡಿಕೆ ಸಸಿಯ ಸಿಪ್ಪೆಯನ್ನು, ಮೆಣಸಿನ ಬಳ್ಳಿಯ ಬುಡವನ್ನು ಸುಲಿದುಹಾಕುತ್ತದೆ. ಬುಡದ ಒಂದು ಗೇಣು ಕೈಗತ್ತಿಗೇ ಇರಲಿ.

ಬಿಡಿಭಾಗ ತರಲು ಪೇಟೆಗೆ ಹೊರಟಾಗ ಬರಿಗೈಯಲ್ಲಿ ಹೋಗಬಾರದು. ಒಂದೇ ತರಹ ಕಾಣುವ ಯಂತ್ರಗಳ ಅಳತೆಗಳು ಬೇರೆ ಬೇರೆ. ಶಾಫ್ಟಿನ ತುದಿಗೆ ಏಳು ಹಲ್ಲಿರುವುದೂ ಉಂಟು, ಒಂಬತ್ತು ಇರುವುದೂ ಉಂಟು. ಕೊಳವೆಯ ದಪ್ಪ ಕೆಲವಕ್ಕೆ 26 ಮಿಲಿಮೀಟರ್, ಕೆಲವಕ್ಕೆ 28. ಡ್ರಮ್ಮುಗಳಲ್ಲೂ ಒಂದೆರಡು ಮಿಲಿಮೀಟರಿನ ಅಂತರ. ಹಳೆಯ ತುಂಡನ್ನು ಒರೆಸಿ, ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಮೇಜಿನ ಮೇಲೆ ಹೊಸದರ ಪಕ್ಕ ಇಟ್ಟು ಹಲ್ಲೆಣಿಸಿಯೇ ಹಣ ಕೊಡಬೇಕು. ಇಲ್ಲದಿದ್ದರೆ ನಾಳೆ ಶಿರಸಿಗೆ ಇನ್ನೊಂದು ಬಸ್ಸು.